ಖಾಲಿ ಡಬ್ಬಿ ಕಳಿಸಬಾರದು

ಪುಕ್ಕಟೆ ಸಿಗುವ ವಸ್ತುವಿನಲ್ಲಿ ಒಂದು ದೊಡ್ಡ ಐಬು ಇದೆ. ಅದು ಕೈಕೊಟ್ಟಾಗ ಯಾರನ್ನೂ ಬೈಯಲು ಬರುವುದಿಲ್ಲ. ಕೊಂಡು ತಂದದ್ದಾದರೆ ಅಂಗಡಿಯವನ ಮುಂದೆ ನಿಂತು ಅವನ ಏಳು ತಲೆಮಾರನ್ನು ನೆನೆಸಿ ಬರಬಹುದು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರು ಪುಕ್ಕಟೆ. ಹಾಗಾಗಿ ಅದರ ಸರ್ವರುಗಳು ನಿಂತ ದಿನಗಳಲ್ಲಿ ನಾನು ಬೈದದ್ದೆಲ್ಲ ಮನುಷ್ಯರನ್ನೇ. ಬೈಸಿಕೊಳ್ಳಲು ಯೋಗ್ಯರಾದವರು ನಮ್ಮ ಕಡೆ ಎಂದೂ ಕಡಿಮೆ ಬಿದ್ದಿಲ್ಲ.

ನಾನಾಗ ಬನಹಟ್ಟಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದೆ. ಜನರ ಕೈಗೆ ಮೊಬೈಲು ಬಂದಿತ್ತು, ಅದರೊಳಗೆ ಇಂಟರ್ನೆಟ್ಟು ಇನ್ನೂ ಬಂದಿರಲಿಲ್ಲ. ಊರಿನ ಕೆಲವು ಸಾಹುಕಾರರು ಸೇರಿ ನಡೆಸುತ್ತಿದ್ದ ಕಾಲೇಜು ಅದು. ನನ್ನದು ಕಾಯಂ ನೌಕರಿಯಲ್ಲ. ವರ್ಷಕ್ಕೊಮ್ಮೆ ಚೇರ್ಮನ್ನರ ಬಾಯಿಂದ "ಮುಂದುವರಸ್ರಿ" ಎಂಬ ಮಾತು ಬೀಳಬೇಕು, ಅದು ಬೀಳುವ ತನಕ ಅವರ ಮುಖ ನೋಡುತ್ತ ನಿಲ್ಲಬೇಕು. ಕಿಟಕಿಯ ಆಚೆ ಇಡೀ ಓಣಿಯ ಮಗ್ಗಗಳು ಖಟಖಟ ಬಡಿಯುತ್ತಿದ್ದವು. ಕರೆಂಟು ಹೋದಾಗ ಮಾತ್ರ ಊರು ಒಮ್ಮೆಲೇ ಸುಮ್ಮನಾಗುತ್ತಿತ್ತು. ಲ್ಯಾಬಿಗೆ ಲಿನಕ್ಸನ್ನೇ ಹಾಕಿಸಿದ್ದು ಚೇರ್ಮನ್ನರು. ಅದರ ಗುಣಗಳಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ, ಪುಕ್ಕಟೆ ಎನ್ನುವುದು.

ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಲಿನಕ್ಸಿಗೆ ಬೇಕಾಗುವ ಸಾಫ್ಟ್‌ವೇರುಗಳೆಲ್ಲ ಸಣ್ಣ ಸಣ್ಣ ಗಂಟುಗಳಾಗಿ ಎಲ್ಲೋ ದೂರದ ದೇಶದ ಸರ್ವರಿನಲ್ಲಿ ಇರುತ್ತವೆ. ಅವಕ್ಕೆ ಪ್ಯಾಕೇಜು ಎನ್ನುತ್ತಾರೆ. ಬೇಕಾದದ್ದರ ಹೆಸರು ಹೇಳಿ ಕೇಳಿದರೆ ಅಲ್ಲಿಂದ ಇಳಿದು ಬರುತ್ತದೆ. ಆ ಸರ್ವರು ನಿಂತರೆ ಏನು ಕೇಳಿದರೂ ಬರುವುದಿಲ್ಲ. ಅದು ಆಗಾಗ ನಿಲ್ಲುತ್ತಿತ್ತು. ಒಮ್ಮೊಮ್ಮೆ ದುರಸ್ತಿ ಎನ್ನುತ್ತಿದ್ದರು, ಒಮ್ಮೊಮ್ಮೆ ಹಳೆಯ ಆವೃತ್ತಿಯನ್ನು ಹೇಳದೆ ಕೇಳದೆ ಬೇರೆ ಕಡೆ ಎತ್ತಿಟ್ಟಿರುತ್ತಿದ್ದರು. ಸರ್ವರು ನಡೆಯುತ್ತಿರುವ ದಿನ ನಮಗೆ ಇಂಟರ್ನೆಟ್ಟು ತರುವ ಟೆಲಿಫೋನ್ ತಂತಿ ಸತ್ತಿರುತ್ತಿತ್ತು, ತಂತಿ ಬದುಕಿದ ದಿನ ಕರೆಂಟು ಇರುತ್ತಿರಲಿಲ್ಲ. ಮೂರೂ ಕೂಡಿ ಬಂದ ದಿನ ನಾನು ಲ್ಯಾಬಿನಲ್ಲಿ ಮದುವೆ ಮನೆಯವಳ ಹಾಗೆ ಓಡಾಡುತ್ತಿದ್ದೆ.

ಈ ಕಷ್ಟ ನನ್ನೊಬ್ಬಳದೇ ಆಗಿರಲಿಲ್ಲ. ಜಮಖಂಡಿಯಲ್ಲಿ ಒಬ್ಬರು, ಮುಧೋಳದಲ್ಲಿ ಒಬ್ಬರು, ಬೀಳಗಿಯಲ್ಲಿ ಒಬ್ಬರು, ನನ್ನ ಹಾಗೆಯೇ ಲ್ಯಾಬು ಕಾಯುವವರು. ಯಾವುದೋ ತರಬೇತಿಯಲ್ಲಿ ಪರಿಚಯವಾಗಿದ್ದೆವು. ಅವರೆಲ್ಲ ನನಗೆ ಸರ್, ಅವರಿಗೆ ನಾನು ಬಾಯಾರ, ಅಂದರೆ ಮೇಡಂ. ನಾಲ್ವರೂ ಸೇರಿ ಒಂದು ಉಪಾಯ ಮಾಡಿದೆವು. ಜಮಖಂಡಿಯ ಸರ್‌ನ ಕಾಲೇಜಿನಲ್ಲಿ ಇದ್ದುದರಲ್ಲಿ ಒಳ್ಳೆಯ ಇಂಟರ್ನೆಟ್ಟಿತ್ತು. ಸರ್ವರು ನಡೆಯುತ್ತಿದ್ದಾಗಲೇ ಅವರು ಎಲ್ಲ ಪ್ಯಾಕೇಜುಗಳನ್ನು ಇಳಿಸಿ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಬೇಕು. ಆ ಡಿಸ್ಕು ಪಾಳಿಯ ಪ್ರಕಾರ ನಾಲ್ಕೂ ಊರು ಸುತ್ತಬೇಕು. ಅತ್ತ ಸರ್ವರು ಸತ್ತರೂ ಇತ್ತ ನಮ್ಮ ಲ್ಯಾಬು ಬದುಕುತ್ತದೆ ಎನ್ನುವುದು ಲೆಕ್ಕಾಚಾರ.

ಡಿಸ್ಕನ್ನು ಊರಿಂದ ಊರಿಗೆ ಕಳಿಸುವುದು ಹೇಗೆ? ನಮ್ಮ ಕಡೆ ಅದಕ್ಕೆ ಮೊದಲಿನಿಂದಲೂ ಒಂದು ದಾರಿಯಿದೆ. ಹಳ್ಳಿಯ ತಾಯಂದಿರು ಜಮಖಂಡಿಯಲ್ಲಿ ರೂಮು ಮಾಡಿ ಓದುವ ಮಕ್ಕಳಿಗೆ ರೊಟ್ಟಿ ಪಲ್ಯ ಕಟ್ಟಿ ಬಸ್ಸಿಗೆ ಕೊಡುತ್ತಾರೆ. ಕಂಡಕ್ಟರು ಬಸ್ ಸ್ಟ್ಯಾಂಡಿನಲ್ಲಿ ಇಳಿಸುತ್ತಾನೆ. ಆ ಬುತ್ತಿಗೆ ಟಿಕೇಟು ಇಲ್ಲ, ರಸೀದಿ ಇಲ್ಲ, ಕಳೆದುಹೋಯಿತು ಎಂಬ ಮಾತೂ ಇಲ್ಲ. ಡಿಸ್ಕನ್ನು ಡಿಸ್ಕೆಂದು ಕೊಟ್ಟರೆ ಕಂಡಕ್ಟರು ಹತ್ತು ಪ್ರಶ್ನೆ ಕೇಳುತ್ತಾನೆ. ಅದಕ್ಕೇ ನಾವು ಅಗಲವಾದ ಸ್ಟೀಲಿನ ಡಬ್ಬಿಯ ತಳಕ್ಕೆ ಪ್ಲಾಸ್ಟಿಕ್ ಸುತ್ತಿದ ಡಿಸ್ಕನ್ನಿಟ್ಟು, ಮೇಲೆ ತಿನ್ನುವುದನ್ನಿಟ್ಟು, ಅರಿವೆಯಲ್ಲಿ ಗಂಟು ಕಟ್ಟಿ ಬುತ್ತಿ ಎಂದು ಕೊಡುತ್ತಿದ್ದೆವು. ಜಮಖಂಡಿಯ ಸರ್ ಮಾತ್ರ ಪ್ರತಿ ಸಲ ಬಸ್ಸಿನ ಹಿಂದೆ ಓಡುತ್ತ "ಬಾನೆಟ್ ಮ್ಯಾಲ ಇಡಬ್ಯಾಡ್ರಿ, ಕಾಯತೈತಿ" ಎಂದು ಕೂಗುತ್ತಿದ್ದರು. ಬುತ್ತಿ ಬೆಚ್ಚಗಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಡ್ರೈವರು ನಗುತ್ತಿದ್ದ.

ಬುತ್ತಿ ಎಂದ ಮೇಲೆ ಬುತ್ತಿಯ ಕಟ್ಟಳೆಯೂ ಬಂತು. ಬಂದ ಡಬ್ಬಿಯನ್ನು ಖಾಲಿ ತಿರುಗಿ ಕಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ, ಒಂದು ಹಿಡಿ ಜೋಳವನ್ನಾದರೂ ಹಾಕಬೇಕು. ಖಾಲಿ ಡಬ್ಬಿ ಕಳಿಸಿದರೆ ನಿಮ್ಮ ಮನೆಯ ಋಣ ತೀರಿತು ಎಂದು ಮುಖಕ್ಕೆ ಹೇಳಿದ ಹಾಗೆ. ಬೀಳಗಿಯಿಂದ ಕಣ್ಣಲ್ಲಿ ನೀರು ತರಿಸುವ ಕೆಂಪು ಖಾರ ಬರುತ್ತಿತ್ತು, ಜಮಖಂಡಿಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ನಾನು ಚೂಡಾ ಮಾಡಿ ಕಳಿಸುತ್ತಿದ್ದೆ. ಎಲ್ಲಕ್ಕಿಂತ ರುಚಿಯಾದದ್ದು ಬರುತ್ತಿದ್ದುದು ಮುಧೋಳದಿಂದ. ಮುಧೋಳದ ಸರ್‌ನ ತಾಯಿ ಕುಟ್ಟಿದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಅವರು ಬೀರಪ್ಪ ದೇವರ ಒಕ್ಕಲು, ಕುರಿ ಕಾಯ್ದು ಮಗನನ್ನು ಓದಿಸಿದ ಮನೆ. ಆ ಮುದುಕಿಯನ್ನು ನಾನು ನೋಡಿರಲಿಲ್ಲ, ಫೋನಿನಲ್ಲಿ ದನಿ ಕೇಳಿದ್ದೆ ಅಷ್ಟೇ. ಡಬ್ಬಿ ಸೇರಿತೋ ಇಲ್ಲವೋ ಎಂದು ಮಗನ ಫೋನಿನಿಂದ ತಾನೇ ಕೇಳುತ್ತಿದ್ದಳು. "ಮುಟ್ಟಿತ್ರಿ ಅವ್ವಾರ" ಎಂದು ನಾನು ಹೇಳುವ ತನಕ ಆಕೆಗೆ ಸಮಾಧಾನವಿಲ್ಲ.

ಇನ್ನು ನನ್ನ ಮನೆಯ ಮಾತು. ನಾನು ಗಂಡನ ಮನೆ ಬಿಟ್ಟು ಬಂದವಳು. ಆ ಮನೆ ಬೀಳಗಿಯ ಆಚೆ, ಹಿನ್ನೀರಿಗೆ ಊರು ಹೋದ ಮೇಲೆ ಕಟ್ಟಿಕೊಟ್ಟ ಪುನರ್ವಸತಿ ಕೇಂದ್ರದಲ್ಲಿತ್ತು. ಅಲ್ಲಿ ನಾನು ಕಂಡದ್ದನ್ನು ಬಿಡಿಸಿ ಬರೆಯುವ ಆಸೆ ನನಗಿಲ್ಲ. ನನ್ನ ಬಲಗೈಯ ಹಿಂಭಾಗದಲ್ಲಿ ರೊಟ್ಟಿ ಹಂಚಿನ ಅಂಚಿನ ಗುರುತಿದೆ. ಅದು ತಾನಾಗಿ ತಾಗಿದ್ದಲ್ಲ, ಕೈ ಹಿಡಿದು ತಾಗಿಸಿದ್ದು. ಇಷ್ಟು ಸಾಕು. ತಿರುಗಿ ಬಂದಾಗ ಅಣ್ಣ ಬಾಗಿಲಲ್ಲೇ ಹೇಳಿಬಿಟ್ಟಿದ್ದ, "ನೌಕರಿ ಇರೂತನಕ ಇಲ್ಲಿರು. ಇಲ್ಲಂದ್ರ ನಿನ್ನ ಗಂಡನ ಮನಿ ಐತಿ." ಅವನ ಹೆಂಡತಿ, ನಮ್ಮ ವೈನಿ, ಆ ಮಾತನ್ನು ಅಡುಗೆ ಮನೆಯಲ್ಲಿ ನಿಂತು ಕೇಳಿಸಿಕೊಂಡು ಜೋಪಾನವಾಗಿ ಇಟ್ಟುಕೊಂಡಿದ್ದಳು. ಹಾಗಾಗಿ ಲ್ಯಾಬು ನನಗೆ ಲ್ಯಾಬಲ್ಲ, ಆ ಹಂಚಿಗೂ ನನಗೂ ನಡುವೆ ಇದ್ದ ಗೋಡೆ. ಈ ಸಂಗತಿ ಡಿಸ್ಕಿನ ಮೂವರು ಗೆಳೆಯರಿಗೂ ಗೊತ್ತಿತ್ತು. ಮುಧೋಳದ ಸರ್ ಒಮ್ಮೆ ಕೈಯ ಗುರುತು ನೋಡಿ ಕೇಳಿದ್ದರು, ನಾನು ಹೇಳಿದ್ದೆ.

ಆ ವರ್ಷ ನಮ್ಮ ಕಾಲೇಜು ಹೊಸ ಕಂಪ್ಯೂಟರ್ ಕೋರ್ಸಿಗೆ ಅರ್ಜಿ ಹಾಕಿತ್ತು. ಪರಿಶೀಲನೆಗೆ ಕಮಿಟಿ ಬರುವುದಿತ್ತು, ವಿಜಯದಶಮಿಯ ಮರುದಿನ ಬೆಳಿಗ್ಗೆ. "ಕೋರ್ಸ್ ಸಿಕ್ಕರ ನಿಮ್ಮನ್ನ ಕಾಯಂ ಮಾಡೂಣು. ಸಿಗಲಿಲ್ಲಂದ್ರ ಲ್ಯಾಬರ ಯಾಕ, ನೀವರ ಯಾಕ?" ಎಂದು ಚೇರ್ಮನ್ನರು ಎಲೆ ಅಡಿಕೆ ಜಗಿಯುತ್ತ ಹೇಳಿದರು. ನಾನು ಹೂಂ ಎಂದು ಬಂದೆ.

ನವರಾತ್ರಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಊರಿನ ಕರೆಂಟು ಹೋಗಿ, ಮಗ್ಗಗಳೆಲ್ಲ ನಿಂತು, ಮತ್ತೆ ಒಮ್ಮೆಲೇ ಬಂತು. ಬರುವಾಗ ಎಷ್ಟು ಜೋರಾಗಿ ಬಂತೆಂದರೆ ನಮ್ಮ ಲ್ಯಾಬಿನ ಮುಖ್ಯ ಯಂತ್ರ ಒಂದು ಸಲ ಟಪ್ ಎಂದು ಸುಟ್ಟ ವಾಸನೆ ಬಿಟ್ಟು ಸತ್ತಿತು. ಉಳಿದ ಯಂತ್ರಗಳೆಲ್ಲ ಅದನ್ನು ನೋಡಿ ನಡೆಯುವಂಥವು. ಹಳೆಯದೊಂದು ಯಂತ್ರ ಹೊಂದಿಸಿ, ಸಿ.ಡಿ.ಯಿಂದ ಲಿನಕ್ಸಿನ ಬುಡ ಹಾಕಿದೆ. ಆದರೆ ಕಮಿಟಿಗೆ ತೋರಿಸಬೇಕಾದ ಡೇಟಾಬೇಸು, ಕಂಪೈಲರು ಯಾವುವೂ ಆ ಸಿ.ಡಿ.ಯಲ್ಲಿ ಇರಲಿಲ್ಲ. ಸರ್ವರಿನಿಂದ ಇಳಿಸಲು ಕೂತೆ. ಏನೂ ಬರಲಿಲ್ಲ. ತಂತಿಯದೇ ತಪ್ಪೆಂದು ತಂತಿಯನ್ನು ಬೈದೆ. ಆಮೇಲೆ ಗೊತ್ತಾಯಿತು, ಸರ್ವರಿನೊಳಗೆ ಯಾರೋ ಹೊರಗಿನವರು ನುಗ್ಗಿರಬಹುದೆಂಬ ಸಂಶಯದಿಂದ ಎಲ್ಲವನ್ನೂ ಬಂದ್ ಮಾಡಿದ್ದರು. ತನಿಖೆ ಮುಗಿಯುವ ತನಕ ಯಾರೂ ಏನನ್ನೂ ಇಳಿಸಿಕೊಳ್ಳಬೇಡಿ ಎಂಬ ಒಂದು ಪುಟ್ಟ ಸೂಚನೆ ಮಾತ್ರ ಇತ್ತು. ಬಹಳ ವಿನಯದಿಂದ ಬರೆದಿದ್ದರು. ವಿನಯವನ್ನು ತೆಗೆದುಕೊಂಡು ನಾನು ಏನು ಮಾಡಲಿ?

ಜಮಖಂಡಿಯ ಸರ್‌ಗೆ ಫೋನು ಮಾಡಿದೆ. ಅವರ ಕಾಲೇಜಿನ ಯಂತ್ರದಲ್ಲಿ ಎಲ್ಲದರ ನಕಲು ಇರುತ್ತದೆಂಬ ಧೈರ್ಯ ನನಗೆ. ಅವರ ದನಿ ಸತ್ತ ಮನೆಯವರ ದನಿಯ ಹಾಗಿತ್ತು.

"ಬಾಯಾರ, ನಂದೂ ಹೋತ್ರಿ."

"ಏನ್ ಹೋತು?"

"ಅಲ್ಲಿ ಏನೈತೋ ಇಲ್ಲೂ ಅದ ಇರಬೇಕು ಅಂತ ಹಚ್ಚಿಟ್ಟಿದ್ನಿ. ಅಲ್ಲಿ ಖಾಲಿ ತೋರಿಸ್ಯಾರ, ಇಲ್ಲೂ ಎಲ್ಲಾ ಅಳಿಸಿ ಖಾಲಿ ಮಾಡಿಬಿಟ್ಟೈತಿ."

ಅಂದರೆ ಪರದೇಶದ ಅಂಗಡಿ ಬಾಗಿಲು ಹಾಕಿತೆಂದು ನಮ್ಮ ಯಂತ್ರ ತನ್ನ ಮನೆಯ ಕಣಜವನ್ನೂ ಸುರಿದುಬಿಟ್ಟಿತ್ತು. ಇಷ್ಟು ವಿಧೇಯತೆ ಸೊಸೆಯಂದಿರಿಗೂ ಇರಬಾರದು. ಬೀಳಗಿಯವರ ಹತ್ತಿರ ಏನೂ ಇರಲಿಲ್ಲ, ಅವರದು ಮುಂದಿನ ಪಾಳಿ. ಉಳಿದದ್ದು ಡಿಸ್ಕೊಂದೇ. ಅದು ಆಗ ಮುಧೋಳದಲ್ಲಿತ್ತು.

"ಕಳಸ್ತೇನ್ರಿ ಬಾಯಾರ, ನಾಳಿ ಬಸ್ಸಿಗೆ ಕೊಡ್ತೇನಿ," ಎಂದರು ಮುಧೋಳದ ಸರ್. ನಾಳೆ ಬಂತು. ಬನಹಟ್ಟಿಯ ಸ್ಟ್ಯಾಂಡಿನಲ್ಲಿ ನಿಂತು ಮುಧೋಳದಿಂದ ಬರುವ ಪ್ರತಿ ಬಸ್ಸಿನ ಕಂಡಕ್ಟರನ ಮುಖ ನೋಡಿದೆ. ಯಾರ ಯಾರದೋ ಬುತ್ತಿಗಳು ಇಳಿದವು, ನನ್ನದು ಇಳಿಯಲಿಲ್ಲ. ಮತ್ತೆ ಫೋನು ಮಾಡಿದರೆ, ಮರೆತೆನ್ರಿ, ನಾಳೆ ಖಂಡಿತ ಎಂದರು. ಅದರ ಮರುದಿನ ಫೋನೇ ಎತ್ತಲಿಲ್ಲ. ಕಾದು ಕೂರುವ ಸ್ವಭಾವ ನನ್ನದಲ್ಲ. ಖಂಡೇ ನವಮಿಯ ದಿನ, ಅಂದರೆ ಆಯುಧ ಪೂಜೆಯ ದಿನ ಬೆಳಿಗ್ಗೆ, ವಿದ್ಯಾರ್ಥಿಗಳ ಯಂತ್ರವೊಂದರಿಂದ ಒಂದು ಡಿಸ್ಕು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಮುಧೋಳದ ಬಸ್ಸು ಹತ್ತಿದೆ.

ಅವರ ಮನೆಯ ಪಡಸಾಲೆಯಲ್ಲಿ ಕರಿಯ ಕಂಬಳಿ ಹಾಸಿ ಪೂಜೆಗೆ ಇಟ್ಟಿದ್ದರು. ಕುಡುಗೋಲು, ಕೊಡಲಿ, ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ. ಅವುಗಳ ಪಕ್ಕದಲ್ಲಿ ಹೂವಿನ ಹಾರ ಹಾಕಿಸಿಕೊಂಡ ಕಂಪ್ಯೂಟರು, ಸರ್‌ನ ಮೊಬೈಲು, ನಡುವೆ ನಮ್ಮ ಡಿಸ್ಕು. ಎಲ್ಲದಕ್ಕೂ ಬೀರಪ್ಪನ ಭಂಡಾರ ಬಳಿದಿದ್ದರು. ನಾಲ್ಕು ಊರಿನ ಜೀವ ಹೊತ್ತ ಡಿಸ್ಕು ಅರಿಸಿನ ಹಚ್ಚಿಕೊಂಡು ಮದುಮಗಳ ಹಾಗೆ ಕೂತಿತ್ತು.

"ಬರ್ರಿ ಬಾಯಾರ, ಹಬ್ಬದ ದಿನಾ ಬಂದ್ರಿ, ಛಲೋ ಆತು," ಎಂದರು ಸರ್.

"ಡಿಸ್ಕ್ ಕೊಡ್ರಿ ಸರ್, ಹೋಗ್ತೇನಿ."

"ಅದು ಪೂಜಿಗೆ ಕುಂತೈತಲ್ರಿ. ಇನ್ನ ನಾಳಿ ಎಬ್ಬಸೂದು. ಎಬ್ಬಿಸಿದ ಕೂಡಲೇ ಬಸ್ಸಿಗೆ ಕೊಟ್ಟಬಿಡ್ತೇನಿ."

"ಎತ್ತೂದು ಬ್ಯಾಡ್ರಿ. ಅಲ್ಲೇ ಕುಂದರ್ಲಿ. ಬಾಜೂಕ ಕಂಪ್ಯೂಟರ್ ಐತಿ, ವಾಯರ್ ಹಚ್ಚಿ ನನ್ನ ಡಿಸ್ಕಿಗೆ ಕಾಪಿ ಮಾಡ್ಕೋತೇನಿ."

"ಕಂಪ್ಯೂಟರೂ ಪೂಜಿಗೆ ಕುಂತೈತ್ರಿ."

ನನಗೆ ಮರ್ಯಾದೆ ಬಿಟ್ಟು ಕೇಳುವುದು ಗೊತ್ತಿರಲಿಲ್ಲ, ಅಂದು ಕಲಿತೆ. "ಸರ್, ಕಮಿಟಿ ಮುಂದ ಲ್ಯಾಬ್ ನಡೀಲಿಲ್ಲಂದ್ರ ನನ್ನ ನೌಕರಿ ಹೋಗ್ತೈತಿ. ನೌಕರಿ ಹೋದ್ರ ನನ್ನ ಎಲ್ಲಿಗಿ ಕಳಸ್ತಾರಂತ ನಿಮಗ ಗೊತ್ತೈತಿ," ಎಂದು ಕೈ ಮುಗಿದೆ. ಮುಗಿದ ಕೈಯ ಮೇಲಿನ ಗುರುತು ಅವರ ಕಣ್ಣಿಗೆ ಬಿತ್ತು. ಒಂದು ಗಳಿಗೆ ನೋಡಿದರು. ಆಮೇಲೆ ಹಣತೆಗೆ ಎಣ್ಣೆ ಹಾಕಲು ಬಗ್ಗಿದರು.

"ದೇವರ ಕಾರ್ಯ ಬಾಯಾರ. ನನ್ನ ಕೈಯಾಗ ಏನೈತಿ?"

ಅಷ್ಟರಲ್ಲಿ ಕಂಬಳಿಯ ಮೇಲಿನ ಮೊಬೈಲು ಹೊಡೆದುಕೊಂಡಿತು. ಸರ್ ಅದನ್ನು ಸರಕ್ಕನೆ ಎತ್ತಿ, ಭಂಡಾರವನ್ನು ಪಂಚೆಗೆ ಒರೆಸಿ, ಬಾಗಿಲ ಬಳಿ ಹೋಗಿ ಮಾತಾಡಿ, ತಂದು ಮತ್ತೆ ಇದ್ದಲ್ಲೇ ಇಟ್ಟರು. ಒಂದು ಚಿಟಿಕೆ ಭಂಡಾರ ಹಚ್ಚುವುದನ್ನೂ ಮರೆಯಲಿಲ್ಲ.

"ಸರ್, ಫೋನೂ ಪೂಜಿಗೆ ಕುಂತಿತ್ತಲ್ರಿ?"

"ಅದು ಬ್ಯಾರೆ ಬಾಯಾರ. ಅರ್ಜಂಟ್ ಇತ್ತು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ನಾನು ಎಷ್ಟೋ ಸಲ ಆಡಿದ್ದೆ. ಆ ಪೂಜಾರಿಯ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಎದ್ದು ಹೊರಟೆ. ಆದರೆ ಅಡುಗೆ ಮನೆಯಿಂದ ಆ ಮುದುಕಿ ಬಂದಳು, ಹಣೆಯ ತುಂಬ ಭಂಡಾರ, ಕೈತುಂಬ ಹಸಿರು ಬಳೆ. ನನ್ನ ಕೈ ಹಿಡಿದು, "ಉಣ್ಣಲಾರದ ಹೋದ್ರ ನನಗ ಕೆಟ್ಟ ಅನಸ್ತೈತಿ ನೋಡ ಮಗಳ, ಇಷ್ಟ ದಿನಾ ನನ್ನ ಹಿಂಡಿ ತಿಂದಾಕಿ ನೀ," ಎಂದು ಕೂರಿಸಿಯೇಬಿಟ್ಟಳು. ಸರ್ ಹೂವು ತರುವ ನೆಪದಲ್ಲಿ ಹೊರಗೆ ಹೋದರು.

ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಆಕೆ ಸಂಭ್ರಮದಿಂದ ಹೇಳುತ್ತ ಹೋದಳು, "ಈ ವರ್ಸ ಬೀರಪ್ಪ ಕಣ್ಣ ತೆರದಾನ ಯವ್ವಾ. ನಿಮ್ಮ ಬನಹಟ್ಟ್ಯಾಗ ಅದೇನೋ ಕೋರ್ಸ್ ಆಗಲಿಲ್ಲಂದ್ರ ಹುಡುಗ್ರೆಲ್ಲಾ ನಮ್ಮಲ್ಲೇ ಬರ್ತಾರಂತ. ಇವನ್ನ ದೊಡ್ಡ ಸಾಹೇಬನ್ನ ಮಾಡ್ತಾರಂತ. ನನಗೇನ್ ತಿಳೀತೈತಿ, ಇವಾ ಫೋನಿನ್ಯಾಗ ಮಾತಾಡೂದ ಕೇಳೇನಿ."

ಕೈಯಲ್ಲಿದ್ದ ತುತ್ತನ್ನು ತಿರುಗಿ ತಾಟಿನಲ್ಲಿಟ್ಟೆ. ಆ ಕೋರ್ಸಿನ ಜೊತೆಗೆ ನಾನೂ ಹೋಗುತ್ತೇನೆಂಬುದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟು ತುಪ್ಪ ಸುರಿಯುತ್ತಿರಲಿಲ್ಲ, ಅಥವಾ ಇನ್ನಷ್ಟು ಸುರಿಯುತ್ತಿದ್ದಳೋ ಏನೋ. ಹೊರಡುವಾಗ ಹಬ್ಬದ ದಿನ ಬಂದ ಮುತ್ತೈದೆ ಎಂದು ನನ್ನ ಉಡಿ ತುಂಬಿದಳು. ನಾನು ತವರಿನಲ್ಲಿದ್ದೇನೆ ಎಂಬುದಷ್ಟೇ ಗೊತ್ತಿದ್ದ ಆಕೆ ಕುಂಕುಮ ಹಚ್ಚಿ, ಗಲ್ಲ ಸವರಿ ಹರಸಿದಳು. "ಗಂಡನ ಮನಿ ಸೇರು ಮಗಳ. ಬೀರಪ್ಪ ಎಲ್ಲಾ ಛಲೋ ಮಾಡ್ತಾನ."

ವಿಜಯದಶಮಿಯ ದಿನ ಊರೆಲ್ಲ ಬನ್ನಿ ಹಂಚುತ್ತಿದ್ದರು. ನಾನು ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಗೊತ್ತಿದ್ದೂ ನಿಂತಿದ್ದೆ. ಆಸೆ ಎನ್ನುವುದಕ್ಕೆ ಮಾನವೂ ಇಲ್ಲ, ಬುದ್ಧಿಯೂ ಇಲ್ಲ. ಮುಧೋಳದ ಬಸ್ಸುಗಳು ಬಂದವು, ಹೋದವು.

ಮರುದಿನ ಕಮಿಟಿಯವರು ಬಂದು ಎಳನೀರು ಕುಡಿದು ಲ್ಯಾಬಿಗೆ ಬಂದರು. ಯಂತ್ರಗಳ ಮೇಲೆ ಪೂಜೆಯ ಹೂವು ಇನ್ನೂ ಬಾಡಿರಲಿಲ್ಲ. "ಡೇಟಾಬೇಸ್ ತೋರಿಸ್ರಿ," ಎಂದರು ಹಿರಿಯರೊಬ್ಬರು. ಇಲ್ಲ ಎಂದೆ. ಕಂಪೈಲರ್? ಇಲ್ಲ. ಸರ್ವರು ಬಂದ್ ಆಗಿದೆ, ಜಗತ್ತಿನಲ್ಲೆಲ್ಲ ಬಂದ್ ಆಗಿದೆ, ನನ್ನ ತಪ್ಪಲ್ಲ ಎಂದು ವಿವರಿಸಿದೆ. ಅವರು ಕಿಟಕಿಯ ಕಡೆ ನೋಡಿ, "ಜಗತ್ತು ಅಂತೂ ನಡೀಲಿಕ್ಕತ್ತದಲ್ಲ ಮೇಡಂ," ಎಂದರು. ಹೊರಗೆ ಮಗ್ಗಗಳು ಬಡಿಯುತ್ತಿದ್ದವು. ಇನ್ನೊಬ್ಬರು ನನ್ನ ಕೈಯ ಗುರುತು ನೋಡಿ, "ರೊಟ್ಟಿ ಮಾಡೂದರಾಗ ಅನುಭವ ಐತಿ ಕಾಣಸ್ತೈತಿ," ಎಂದರು. ಎಲ್ಲರೂ ನಕ್ಕರು. ನಮ್ಮ ಚೇರ್ಮನ್ನರು ಎಲ್ಲರಿಗಿಂತ ಜೋರಾಗಿ ನಕ್ಕರು. ನಗುವವರ ಮುಂದೆ ಎಡವಿ ಬಿದ್ದರೆ ಪೆಟ್ಟು ಒಂದಕ್ಕೆ ಎರಡು ಎನ್ನುತ್ತಾರೆ. ನನಗೆ ಲೆಕ್ಕ ಸಿಗಲಿಲ್ಲ.

ಕಾರು ಹೋದ ಮೇಲೆ ಚೇರ್ಮನ್ನರು ಜವಾನರ ಎದುರಿಗೇ ಹೇಳಿದರು, "ಪುಕ್ಕಟೆ ಸಾಮಾನ ಹಾಕಿ ನನ್ನ ಮಾನಾ ಕಳದ್ರಿ. ನಾಳಿಂದ ಬರಬ್ಯಾಡ್ರಿ." ಪುಕ್ಕಟೆಯೇ ಬೇಕೆಂದವರು ನೀವು ಎಂದು ನಾನೂ ಹೇಳಿದೆ, ಅದಕ್ಕೆ ಸೇರಿಸಬೇಕಾದ ಇನ್ನೆರಡು ಮಾತನ್ನೂ ಸೇರಿಸಿ ಹೇಳಿದೆ. ಅದರಿಂದ ನನ್ನ ಬಾಯಿಗೆ ಹಿತವಾಯಿತು, ಬೇರೇನೂ ಆಗಲಿಲ್ಲ.

ಅಂದು ಮಧ್ಯಾಹ್ನವೇ ಜಮಖಂಡಿಯ ಸರ್‌ನ ಫೋನು ಬಂತು. "ಬಾಯಾರ, ಬಂತ್ರಿ! ಸರ್ವರ್ ಚಾಲೂ ಆತು! ಎಲ್ಲಾ ಮೊದಲಿನಂಗ ಇಳೀಲಿಕ್ಕತ್ತಾವ!" ಮಗ ಹುಟ್ಟಿದವರ ಹಾಗೆ ಕೂಗುತ್ತಿದ್ದರು. ಆ ಒಳ್ಳೆಯ ಮನುಷ್ಯನಿಗೆ ನಾನು ಏನೂ ಹೇಳಲಿಲ್ಲ. ಛಲೋ ಆತ್ರಿ ಎಂದು ಇಟ್ಟೆ.

ಮನೆಗೆ ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. "ಅಂದ ಮಾತ ಅಂದದ್ದ. ನಾಳಿ ನಾನ ಬಿಟ್ಟು ಬರ್ತೇನಿ," ಎಂದ. ಸತ್ತರೂ ಅಲ್ಲಿಗೆ ಹೋಗುವುದಿಲ್ಲ ಎಂದೆ. "ಸಾಯೂದಾದ್ರ ಅಲ್ಲೇ ಹೋಗಿ ಸಾಯಿ, ಇಲ್ಲಿ ನಮ್ಮ ಹುಡಿಗ್ಯಾರ ಲಗ್ನ ಆಗಬೇಕು," ಎಂದಳು ವೈನಿ. ನನ್ನ ಟ್ರಂಕನ್ನು ಆಕೆಯೇ ತುಂಬಿದಳು. ಆ ಮನೆಯಲ್ಲಿ ಆಕೆ ನನಗಾಗಿ ಅಷ್ಟು ಚುರುಕಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಬನಹಟ್ಟಿಯ ಸ್ಟ್ಯಾಂಡಿನಲ್ಲಿ ಅಣ್ಣನೂ ನಾನೂ ಜಮಖಂಡಿಯ ಬಸ್ಸಿಗೆ ಕಾಯುತ್ತಿದ್ದೆವು. ಮುಧೋಳದ ಬಸ್ಸು ಬಂದು ನಿಂತಿತು. ಕಂಡಕ್ಟರು ನನ್ನನ್ನು ಕಂಡು ಕೂಗಿದ, "ಬಾಯಾರ, ನಿಮ್ಮ ಬುತ್ತಿ ಬಂದೈತಿ!"

ಅಣ್ಣ ನೀರು ತರಲು ಹೋಗಿದ್ದ. ನಾನು ಟ್ರಂಕಿನ ಮೇಲೆ ಕೂತು ಗಂಟು ಬಿಚ್ಚಿದೆ. ಮೇಲೆ ಮುದುಕಿ ಮಾಡಿದ ಹೋಳಿಗೆ, ಇನ್ನೂ ಮೆತ್ತಗಿದ್ದವು. ಅವುಗಳ ಕೆಳಗೆ ಡಿಸ್ಕು, ಅಂಚಿನಲ್ಲಿ ಭಂಡಾರ ಉಳಿದಿತ್ತು. ಅದರ ಮೇಲೆ ಒಂದು ಹಿಡಿ ಬನ್ನಿ ಎಲೆ. ನಮ್ಮ ಕಡೆ ದಶಮಿಯಂದು ಬನ್ನಿ ಕೊಟ್ಟು, ನಾವು ನೀವು ಬಂಗಾರದಂಗ ಇರೂಣು ಎನ್ನುತ್ತಾರೆ. ಹಳೆಯದನ್ನೆಲ್ಲ ಅಲ್ಲಿಗೆ ಬಿಟ್ಟೆವು ಎಂದು ಅದರ ಅರ್ಥ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ, ಆ ಬಾಗಿಲಿಗೆ ತೋರಣವನ್ನೂ ಕಟ್ಟಿ ಕಳಿಸಿದ್ದ ಮಹಾರಾಯ.

ಡಿಸ್ಕನ್ನು ಸೀರೆಗಳ ನಡುವೆ ಟ್ರಂಕಿನಲ್ಲಿ ಇಟ್ಟುಕೊಂಡೆ. ಹೋಳಿಗೆಯನ್ನು ಅಲ್ಲೇ ಹೂ ಮಾರುತ್ತಿದ್ದ ಹೆಂಗಸಿಗೆ ಕೊಟ್ಟೆ. ಬನ್ನಿ ಎಲೆಗಳನ್ನು ಬಸ್ಸಿನ ಗಾಲಿಯ ಬುಡಕ್ಕೆ ಸುರಿದೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಡಬ್ಬಿಯನ್ನು ತಿಕ್ಕಿ ತೊಳೆದೆ. ಸೆರಗಿನಿಂದ ಒಳಗೂ ಹೊರಗೂ ಒರೆಸಿದೆ, ಒಂದು ಸಾಸಿವೆಯಷ್ಟೂ ಉಳಿಯದ ಹಾಗೆ. ಅದೇ ಅರಿವೆಯಲ್ಲಿ ಗಂಟು ಕಟ್ಟಿ, ಮುಧೋಳಕ್ಕೆ ತಿರುಗಿ ಹೊರಟಿದ್ದ ಅದೇ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ.

ಅವನು ಎತ್ತಿ ನೋಡಿದ. ಬುತ್ತಿ ಹೊತ್ತು ಹೊತ್ತು ಅವನ ಕೈಗೆ ತೂಕ ಗೊತ್ತು. "ಬಾಯಾರ, ಖಾಲಿ ಐತಲ್ರಿ?"

"ಹೌದ್ರಿ."

"ಹಬ್ಬ ಈಗಷ್ಟ ಮುಗದೈತಿ... ಒಂದ್ ಚೂರು ಸಕ್ಕರಿನರ ಹಾಕ್ರಿ. ಕ್ಯಾಂಟೀನಿನ್ಯಾಗ ಇಸಗೊಂಡ ಬರ್ತೇನಿ."

"ಬ್ಯಾಡ್ರಿ. ಹಂಗ ಕೊಡ್ರಿ."

ಅವನು ಡಬ್ಬಿಯನ್ನು ಬಾನೆಟ್ಟಿನ ಮೇಲೆ ಇಡಲಿಲ್ಲ, ಯಾರ ಬುತ್ತಿಗೂ ತಾಗದಂತೆ ತನ್ನ ಸೀಟಿನ ಕೆಳಗೆ ದೂರ ಇಟ್ಟ.

ಜಮಖಂಡಿಯಲ್ಲಿ ಇಳಿದು ಬೀಳಗಿಯ ಬಸ್ಸು ಹಿಡಿಯಬೇಕು. ಸ್ಟ್ಯಾಂಡಿನಲ್ಲಿ ಹಳ್ಳಿಗಳ ಬಸ್ಸುಗಳಿಂದ ಬುತ್ತಿಗಳು ಇಳಿಯುತ್ತಿದ್ದವು, ಓದುವ ಹುಡುಗರು ತಮ್ಮ ತಮ್ಮ ಗಂಟುಗಳನ್ನು ಗುರುತು ಹಿಡಿದು ಒಯ್ಯುತ್ತಿದ್ದರು. ಅಣ್ಣ ಟ್ರಂಕನ್ನು ಬೀಳಗಿಯ ಬಸ್ಸಿಗೆ ಏರಿಸಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಓಡಿಹೋಗದಂತೆ ತಾನು ಈ ಕಡೆ ಕೂತ. ಬಸ್ಸು ಬಿಡುವುದಕ್ಕೆ ತಡವಿತ್ತು. ನನ್ನ ಫೋನು ಬಡಿದುಕೊಂಡಿತು. ಮುಧೋಳದ ಸರ್‌ನ ನಂಬರು. ಎತ್ತಿದೆ. ಮಾತಾಡಿದ್ದು ಮುದುಕಿ.

"ಯವ್ವಾ, ಡಬ್ಬಿ ಬಂತ. ಏನಿಲ್ಲಲ್ಲ ಅದರಾಗ. ಗಡಿಬಿಡ್ಯಾಗ ಮರತೇನ ಮಗಳ?"

"ಇಲ್ಲ ಅವ್ವಾರ. ಮರತಿಲ್ಲ."

ಆ ಮನೆಯಲ್ಲಿ ಕೋಳಿಯೊಂದು ಕೂಗಿದ್ದು ನನಗೆ ಕೇಳಿಸಿತು. ಆಮೇಲೆ ಆಕೆಯ ದನಿ ಬೇರೆಯೇ ಆಗಿತ್ತು.

"ಹಬ್ಬದಾಗ ಸುಮ್ಮ ಸುಮ್ಮನ ಯಾರೂ ಖಾಲಿ ಡಬ್ಬಿ ಕಳಸಂಗಿಲ್ಲ. ನನ್ನ ಮಗಾ ನಿನಗ ಏನ್ ಮಾಡಿದ?"

ನನ್ನ ಹತ್ತಿರ ಹೇಳುವುದು ಬಹಳ ಇತ್ತು. ಬಸ್ಸಿನ ಎಂಜಿನ್ನು ಚಾಲೂ ಆಯಿತು. "ನಾ ಈಗ ಗಂಡನ ಮನಿಗಿ ಹೊಂಟೇನಿ ಅವ್ವಾರ. ನೀವು ಹರಸಿದ್ರಲ್ಲ, ಹಂಗ ಆತು. ಉಳಿದದ್ದ ನಿಮ್ಮ ಮಗನ್ನ ಕೇಳ್ರಿ," ಎಂದೆ.

ಫೋನು ಬಂದ್ ಆಗಲಿಲ್ಲ. ಆಕೆ ಅದನ್ನು ಕೆಳಗಿಟ್ಟಿರಬೇಕು, ಬಂದ್ ಮಾಡುವುದು ಆಕೆಗೆ ಬರುತ್ತಿರಲಿಲ್ಲ. ದೂರದಲ್ಲಿ ಆಕೆ ಮಗನನ್ನು ಹೆಸರು ಹಿಡಿದು ಕರೆದದ್ದು ಕೇಳಿಸಿತು, ಮತ್ತೊಮ್ಮೆ ಕರೆದದ್ದೂ ಕೇಳಿಸಿತು. ಆಮೇಲೆ ಸ್ಟೀಲಿನ ಡಬ್ಬಿ ನೆಲಕ್ಕೆ ಬಿದ್ದ ಸಪ್ಪಳ. ಬಸ್ಸು ಸ್ಟ್ಯಾಂಡು ಬಿಟ್ಟ ಮೇಲೆ ಏನೂ ತಿಳಿಯಲಿಲ್ಲ.

"ಯಾರದು ಫೋನು?" ಎಂದ ಅಣ್ಣ.

"ಮುಧೋಳದವರು," ಎಂದೆ. "ಡಬ್ಬಿ ಮುಟ್ಟೇತಂತ."